ಲ್ಯಾಪ್‌ಟಾಪ್‌ಗೆ ಬೈಯೋ ಮುಂಚೆ ಫೈಲ್ ಒಳಗೆ ಏನಿದೆ ನೋಡಿ

1/4

"ಗುರು, ನಿನ್ನ ಲ್ಯಾಪ್‌ಟಾಪ್ ಡಬ್ಬ. ಹೊಸದು ತಗೋ."

ಈ ಸೆಮಿಸ್ಟರ್‌ನಲ್ಲಿ ಈ ಮಾತು ಎಷ್ಟು ಸಲ ಕಿವಿಗೆ ಬಿತ್ತೋ ಲೆಕ್ಕ ಇಲ್ಲ. ಹೇಳಿದವರಲ್ಲಿ ನಾನೂ ಒಬ್ಬ, ಅದನ್ನ ಮೊದಲೇ ಒಪ್ಕೊಂಡುಬಿಡ್ತೀನಿ. ನಮ್ಮ ಕ್ಲಾಸಿನ ಒಬ್ಬ ಹುಡುಗಿ ಮೈಸೂರಿನ ಟಾಂಗಾ ಓಡಿಸೋ ಅಜ್ಜನ ಮೇಲೆ ಡಾಕ್ಯುಮೆಂಟರಿ ಮಾಡ್ತಿದ್ದಳು. ಕಸಿನ್ ಹತ್ರ ಐಫೋನ್ ಇಸ್ಕೊಂಡು 4ಕೆನಲ್ಲಿ 40 ನಿಮಿಷ ಸಂದರ್ಶನ ಶೂಟ್ ಮಾಡಿದ್ದಳು. ಅಜ್ಜ ಬಾಯಿಬಿಟ್ಟು ಮಾತಾಡಿದ್ದೇ ಅದೊಂದು ಸಲ. ಟೈಮ್‌ಲೈನ್‌ಗೆ ಹಾಕಿದರೆ ಚಿತ್ರ ನಿಂತು ನಿಂತು ಬರ್ತಿತ್ತು. ಒಂದು ಕಟ್ ಹಾಕಿ ಪ್ಲೇ ಒತ್ತಿದರೆ ಟೀ ಕುಡಿದು ಬರಬಹುದಿತ್ತು. ನಾವೆಲ್ಲ ಸುತ್ತ ನಿಂತು ತೀರ್ಪು ಕೊಟ್ಟೆವು: ಡಬ್ಬ.

ಮುಂದಿನ ವಾರ ಗೊತ್ತಾಯ್ತು, ಅವಳ ಅಮ್ಮ ಸ್ವಸಹಾಯ ಸಂಘದಲ್ಲಿ ಲ್ಯಾಪ್‌ಟಾಪ್‌ಗೆ ಅಂತ ಸಾಲ ಕೇಳಿದ್ದಾರೆ.

ನಾವು ನಾಲ್ಕು ಜನ ಅರ್ಧ ನಿಮಿಷ ಯೋಚನೆ ಮಾಡದೆ ಆಡಿದ ಮಾತಿಗೆ ಒಂದು ಮನೆ ಎರಡು ವರ್ಷ ಕಂತು ಕಟ್ಟಬೇಕಿತ್ತು. ಅದಕ್ಕೇ ಈ ಪೋಸ್ಟ್.

2/4

ನಮ್ಮಲ್ಲಿ ಒಂದು ಮೂಢನಂಬಿಕೆ ಇದೆ: ಫೈಲ್ ಚಿಕ್ಕದಿದ್ದರೆ ಹಗುರ, ದೊಡ್ಡದಿದ್ದರೆ ಭಾರ. ಎಡಿಟಿಂಗ್‌ನಲ್ಲಿ ಇದು ಬಹುತೇಕ ಉಲ್ಟಾ.

ಎಂಪಿ4, ಎಂಒವಿ ಅಂತೀವಲ್ಲ, ಅವು ಬರೀ ಡಬ್ಬಿ. ಒಳಗೆ ಚಿತ್ರವನ್ನ ಹೇಗೆ ಮಡಚಿ ಇಟ್ಟಿದ್ದಾರೆ ಅನ್ನೋದು ಕೊಡೆಕ್. (ಹೆಸರಿನ ಕೊನೇಲಿ ಎಂಒವಿ ಅಳಿಸಿ ಎಂಪಿ4 ಅಂತ ಬರೆದು "ಕನ್ವರ್ಟ್ ಮಾಡ್ದೆ" ಅನ್ನೋರಿಗೆ ಕೈ ಮುಗೀತೀನಿ.) ಫೋನ್‌ಗಳು ಸಾಮಾನ್ಯವಾಗಿ ಎಚ್.264 ಇಲ್ಲಾ ಎಚ್.265ನಲ್ಲಿ ರೆಕಾರ್ಡ್ ಮಾಡ್ತವೆ. ಎರಡನೆಯದಕ್ಕೇ ಎಚ್‌ಇವಿಸಿ ಅನ್ನೋದು. ಜಾಗ ಉಳಿಸೋಕೆ ಇವು ಎಲ್ಲಾ ಫ್ರೇಮನ್ನೂ ಪೂರ್ತಿ ಇಡಲ್ಲ.

ಕ್ಲಾಸ್ ನೋಟ್ಸ್ ಥರ ಯೋಚಿಸಿ. ಒಬ್ಬ ಮಾತ್ರ ಪೂರ್ತಿ ಬರೆದಿದ್ದಾನೆ. ಉಳಿದವರು "ಅವನ ಪುಟ ನೋಡಿ, ಮೂರನೇ ಸಾಲು ಮಾತ್ರ ಬೇರೆ" ಅಂತ ಬರೆದಿಟ್ಟಿದ್ದಾರೆ. ಕೆಲವರಂತೂ "ಹಿಂದಿನ ಪುಟಾನೂ ನೋಡಿ, ಮುಂದಿನ ಪುಟಾನೂ ನೋಡಿ" ಅಂತಾರೆ. ಬ್ಯಾಗಲ್ಲಿ ಭಾರ ಇಲ್ಲ ನಿಜ. ಆದರೆ ಪರೀಕ್ಷೆ ಹಿಂದಿನ ರಾತ್ರಿ ಯಾವುದೋ ಮಧ್ಯದ ಒಂದು ಪುಟ ಓದಬೇಕು ಅಂದರೆ ಹತ್ತು ಜನರ ಮನೆ ಸುತ್ತಬೇಕು. ಸುಮ್ಮನೆ ವಿಡಿಯೋ ನೋಡುವಾಗ ಮೊದಲಿಂದ ಸಾಲಾಗಿ ಹೋಗ್ತೀವಿ, ಕಷ್ಟ ಆಗಲ್ಲ. ಎಡಿಟ್ ಮಾಡುವಾಗ ಹಿಂದೆ ಮುಂದೆ ಎಳೀತೀವಿ, ಎಲ್ಲೆಲ್ಲೋ ಕತ್ತರಿಸ್ತೀವಿ. ಪ್ರತಿ ಎಳೆತಕ್ಕೂ ಪ್ರೊಸೆಸರ್ ಊರೆಲ್ಲ ಓಡಬೇಕು.

ಅವಳ ಲ್ಯಾಪ್‌ಟಾಪ್ ಮಾಡ್ತಿದ್ದಿದ್ದು ಇದನ್ನೇ, ಪಾಪ.

ಪ್ರೊರೆಸ್, ಡಿಎನ್‌ಎಕ್ಸ್‌ಎಚ್‌ಆರ್ ಥರದ ಕೊಡೆಕ್‌ಗಳಲ್ಲಿ ಪ್ರತಿ ಫ್ರೇಮೂ ಸ್ವಂತ ನೋಟ್ಸ್. ಜಾಗ ಜಾಸ್ತಿ ತಿನ್ನುತ್ತೆ, ಓದೋದು ಸಲೀಸು. ಐಫೋನ್‌ನ ಸೆಟ್ಟಿಂಗ್ಸ್‌ನಲ್ಲೇ ಬರೆದಿರುತ್ತೆ ನೋಡಿ: 4ಕೆ, 30 ಫ್ರೇಮ್‌ಗೆ ನಿಮಿಷಕ್ಕೆ ಸುಮಾರು 170 ಎಂಬಿ. ಅಂದರೆ ಅವಳ 40 ನಿಮಿಷ 7 ಜಿಬಿ ಒಳಗೆ. ಅದನ್ನೇ 1080ಪಿಗೆ ಇಳಿಸಿ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಮಾಡಿದಾಗ 13 ಜಿಬಿ ಆಸುಪಾಸು ಆಯ್ತು. ಪಿಕ್ಸೆಲ್ ಕಾಲು ಭಾಗ, ಫೈಲ್ ಮಾತ್ರ ಹತ್ತತ್ರ ಎರಡರಷ್ಟು. ಅದೇ "ಡಬ್ಬ"ದಲ್ಲಿ ಬೆಣ್ಣೆ ಥರ ಓಡಿತು.

ರಾತ್ರಿ ಊಟಕ್ಕೆ ಹೋಗುವಾಗ ಪ್ರಾಕ್ಸಿ ಮಾಡೋಕೆ ಹಚ್ಚಿ ಹೋದಳು, ಬೆಳಿಗ್ಗೆ ಎಲ್ಲಾ ರೆಡಿ. ಖರ್ಚು ಸೊನ್ನೆ. ಪ್ರೀಮಿಯರ್, ರಿಸಾಲ್ವ್ ಎರಡರಲ್ಲೂ ಪ್ರಾಕ್ಸಿ ಸೌಲಭ್ಯ ಒಳಗೇ ಇದೆ. ಎಡಿಟ್ ಪ್ರಾಕ್ಸಿಯಲ್ಲಿ, ಎಕ್ಸ್‌ಪೋರ್ಟ್ ಮೂಲ ಫೈಲ್‌ನಿಂದ. ಅಮ್ಮ ಸಾಲದ ಅರ್ಜಿ ವಾಪಸ್ ತಗೊಂಡರು.

3/4

"ಪ್ರಾಕ್ಸಿ ಎಲ್ಲ ದುಡ್ಡಿಲ್ಲದವರ ಜುಗಾಡ್, ಪ್ರೊಫೆಷನಲ್‌ಗಳು ಡೈರೆಕ್ಟ್ ಕಟ್ ಮಾಡ್ತಾರೆ" ಅಂದ ಒಬ್ಬ ಸೀನಿಯರ್.

ಅಣ್ಣಾ, ಫಿಲ್ಮ್ ಕಾಲದಲ್ಲಿ ಎಡಿಟರ್ ಮೂಲ ನೆಗೆಟಿವ್ ಮುಟ್ತಾನೇ ಇರಲಿಲ್ಲ. ರಶ್ ಪ್ರಿಂಟ್ ಮೇಲೆ ಕತ್ತರಿಸಿ ಅಂಟಿಸಿ, ಎಲ್ಲಾ ಓಕೆ ಆದಮೇಲೆ ಅದನ್ನ ನೋಡಿಕೊಂಡು ನೆಗೆಟಿವ್ ಕಟ್ ಮಾಡ್ತಿದ್ದರು. ಪ್ರಾಕ್ಸಿ ಅಂದರೆ ಅದೇ ಪದ್ಧತಿ. ಹಾಗಾದರೆ ಅವರೆಲ್ಲ ಜುಗಾಡ್‌ನವರಾ?

ಇನ್ನೊಂದು ಕಥೆ ಕೇಳಿ. ಲಕ್ಷ ದಾಟಿದ ಗೇಮಿಂಗ್ ಲ್ಯಾಪ್‌ಟಾಪ್ ಇರೋ ಗೆಳೆಯ, ಎಎಂಡಿ ಪ್ರೊಸೆಸರ್, ಆರ್‌ಟಿಎಕ್ಸ್ 4060 ಕಾರ್ಡ್. ಬಾಡಿಗೆಗೆ ತಂದ ಸೋನಿ ಕ್ಯಾಮೆರಾದಲ್ಲಿ ಎಚ್.265, 10-ಬಿಟ್ 4:2:2 ಶೂಟ್ ಮಾಡಿದ. ಅವನ ಟೈಮ್‌ಲೈನೂ ಕುಂಟಿತು! ಯಾಕಂದರೆ ಆ ಸರಣಿಯ ಕಾರ್ಡ್‌ಗಳಲ್ಲಿ ವಿಡಿಯೋ ಬಿಚ್ಚೋ ಭಾಗಕ್ಕೆ 4:2:2 ಬರಲ್ಲ. ಎನ್ವಿಡಿಯಾ ಅದನ್ನ ಆರ್‌ಟಿಎಕ್ಸ್ 50 ಸರಣಿಯಲ್ಲಿ ಸೇರಿಸಿತು. ತಮಾಷೆ ಏನಂದರೆ, ಇಂಟೆಲ್ 11ನೇ ತಲೆಮಾರಿನ ಸಾಧಾರಣ ಲ್ಯಾಪ್‌ಟಾಪ್‌ನ ಒಳಗಿನ ಗ್ರಾಫಿಕ್ಸ್‌ಗೆ ಎಚ್.265ನ 4:2:2 ಬಿಚ್ಚೋ ಶಕ್ತಿ ಇದೆ. ಅಂದರೆ ದುಡ್ಡು ಸುರಿದರೂ ಕೊಡೆಕ್ ಗೊತ್ತಿಲ್ಲದಿದ್ದರೆ ಇದೇ ಗತಿ. ಅವನನ್ನ ಮಾತ್ರ ಯಾರೂ "ಡಬ್ಬ" ಅನ್ನಲಿಲ್ಲ, ಗಮನಿಸಿ. ಅವನಿಗೆ ನಾವು ಹೇಳಿದ್ದು "ಸಾಫ್ಟ್‌ವೇರ್ ಬಗ್ ಇರಬೇಕು."

ಸಿಟ್ಟು ಬರೋದು ಇಲ್ಲೇ. ಒಂದೇ ಕಾಯಿಲೆ, ಒಬ್ಬರಿಗೆ ಅವಮಾನ, ಇನ್ನೊಬ್ಬರಿಗೆ ಸಮಾಧಾನ.

ರೀಲ್ಸ್‌ನಲ್ಲಿ "ಎಡಿಟಿಂಗ್‌ಗೆ ಬೆಸ್ಟ್ 5 ಲ್ಯಾಪ್‌ಟಾಪ್" ಅನ್ನೋರೂ ನೀವು ಯಾವ ಫೈಲ್ ಎಡಿಟ್ ಮಾಡ್ತೀರಿ ಅಂತ ಒಂದು ಸಲಾನೂ ಕೇಳಲ್ಲ. ಡಾಕ್ಟರು ನಾಡಿ ನೋಡದೆ ಆಪರೇಷನ್ ಬರೆದುಕೊಟ್ಟ ಹಾಗೆ.

4/4

ನ್ಯಾಯವಾಗಿ ಹೇಳ್ಬೇಕು ಅಂದರೆ, ಎಲ್ಲದಕ್ಕೂ ಪ್ರಾಕ್ಸಿ ಮದ್ದಲ್ಲ. ಎಕ್ಸ್‌ಪೋರ್ಟ್‌ಗೆ ಅವಳ ಲ್ಯಾಪ್‌ಟಾಪ್ ತುಂಬಾ ಹೊತ್ತು ತಗೊಳ್ತು. ಶಬ್ದ ತೆಗೆಯೋದು, ಭಾರೀ ಕಲರ್ ಕೆಲಸ ಎಲ್ಲ ಇದ್ದರೆ ಒಳ್ಳೆ ಕಾರ್ಡ್ ಬೇಕೇ ಬೇಕು. ಪ್ರಾಕ್ಸಿಗೆ ಡಿಸ್ಕ್‌ನಲ್ಲಿ ಜಾಗಾನೂ ಬೇಕು. ಹಾಗೇ ವಾಟ್ಸಾಪ್‌ನಲ್ಲಿ ವಿಡಿಯೋ ಅಂತ ಕಳಿಸಿದ ಕ್ಲಿಪ್ ಆಗಲೇ ಹಿಂಡಿ ಹಿಪ್ಪೆ ಆಗಿರುತ್ತೆ, ಆಮೇಲೆ ಪ್ರೊರೆಸ್ ಮಾಡಿದರೆ ಕಳೆದುಹೋದದ್ದು ವಾಪಸ್ ಬರಲ್ಲ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾ ಪೆನ್‌ಡ್ರೈವ್ ತನ್ನಿ.

ಆದರೆ ಇನ್ಮೇಲೆ ಯಾರಾದರೂ ನಿಮ್ಮ ಯಂತ್ರ ನೋಡಿ ಮೂಗು ಮುರಿದರೆ ಮೊದಲು ಮೀಡಿಯಾಇನ್ಫೋ ಹಾಕ್ಕೊಳ್ಳಿ, ಉಚಿತ. ಕ್ಲಿಪ್ ಅದರೊಳಗೆ ಬಿಡಿ. ಕೊಡೆಕ್ ಯಾವುದು, ಎಷ್ಟು ಬಿಟ್, 4:2:0 ಇದೆಯಾ 4:2:2 ಇದೆಯಾ, ಫ್ರೇಮ್ ರೇಟ್ ಸ್ಥಿರವಾ ಅಂತ ಎಲ್ಲಾ ತೋರಿಸುತ್ತೆ. ಆ ಸ್ಕ್ರೀನ್‌ಶಾಟ್ ಮೂಗು ಮುರಿದವರ ಮುಂದೆ ಹಿಡಿದು "ಇದರಲ್ಲಿ ಯಾವುದು ತೊಂದರೆ ಹೇಳಿ" ಅನ್ನಿ. ಕನ್ವರ್ಟ್ ಮಾಡೋಕೆ ಶಟರ್ ಎನ್‌ಕೋಡರ್ ಇದೆ, ಅದೂ ಉಚಿತ. ಮೂಲ ಫೈಲ್ ಮಾತ್ರ ಯಾವ ಕಾರಣಕ್ಕೂ ಡಿಲೀಟ್ ಮಾಡ್ಬೇಡಿ.

ಫ್ರೇಮ್ ರೇಟ್ ಸ್ಥಿರ ಇಲ್ಲದೆ ಆಡಿಯೋ ಜಾರೋದು ದೊಡ್ಡ ಕಥೆ, ಮುಂದಿನ ಸರಣಿಯಲ್ಲಿ ಬರೀತೀನಿ. ಶನಿವಾರ ಮಧ್ಯಾಹ್ನ ಲ್ಯಾಬ್‌ನ ಹಿಂದಿನ ಸಾಲಲ್ಲಿ ಇರ್ತೀನಿ. ಲ್ಯಾಪ್‌ಟಾಪ್ ಎಷ್ಟೇ ಹಳೇದಾಗಿರಲಿ, ಕಾರ್ಡ್ ಸಮೇತ ತನ್ನಿ. ಚಾರ್ಜರ್ ಮರೀಬೇಡಿ.