ನಕ್ಷತ್ರಿಕನೂ ಮೂರು ವರ್ಷದ ಗಡುವೂ

ಹರಿಶ್ಚಂದ್ರನ ಕಥೆಯನ್ನು ಕೇಳಿದವರಾರೂ ನಕ್ಷತ್ರಿಕನನ್ನು ಮರೆಯಲಾರರು. ರಾಜ್ಯ ಕಳೆದುಕೊಂಡವನ ಬೆನ್ನು ಹತ್ತಿ, ವಿಶ್ವಾಮಿತ್ರನ ಬಾಕಿಯನ್ನು ವಸೂಲು ಮಾಡಹೊರಟ ಆ ಮಹಾನುಭಾವನ ಹೆಸರು ನಮ್ಮ ಮನೆಗಳಲ್ಲಿ ಬೈಗುಳವಾಗಿಯೇ ಉಳಿದಿದೆ. ಆದರೆ ಆ ಕಥೆಗೂ ಇಂದಿನ ನ್ಯಾಯಾಲಯಕ್ಕೂ ಒಂದು ಅಂತರವುಂಟು. ಅಲ್ಲಿ ಗಡುವು ಸಾಲಗಾರನಿಗೆ ಮಾತ್ರ. ಇಲ್ಲಿ ಸಾಲ ಕೊಟ್ಟವನಿಗೂ ಗಡುವಿದೆ.

1964ರ ಜನವರಿ 1ರಿಂದ ಜಾರಿಯಲ್ಲಿರುವ, 1963ರ ಲಿಮಿಟೇಷನ್ ಕಾಯಿದೆಯಂತೆ ಕೈಸಾಲಕ್ಕೂ ಪ್ರಾಮಿಸರಿ ನೋಟಿನ ಸಾಲಕ್ಕೂ ದಾವೆ ಹೂಡಲು ಇರುವ ಕಾಲ ಮೂರು ವರ್ಷ. ‘ಕೇಳಿದಾಗ ಕೊಡುವೆ’ ಎಂಬ ನೋಟಾದರೆ ಬರೆದ ದಿನದಿಂದಲೇ ಎಣಿಕೆ. ತಡವಾಗಿ ಬಂದ ದಾವೆಯನ್ನು, ಪ್ರತಿವಾದಿ ಆಕ್ಷೇಪಿಸದಿದ್ದರೂ, ನ್ಯಾಯಾಲಯವು ವಜಾ ಮಾಡತಕ್ಕದ್ದು. ಹಾಗೆಂದು ಸಾಲ ಸತ್ತಿತೆಂದಲ್ಲ. ದಾವೆಯ ದಾರಿ ಮುಚ್ಚಿತು, ಅಷ್ಟೇ. ಅವಧಿ ಮೀರಿದ ಸಾಲಕ್ಕೆ ಭದ್ರತೆಯಾಗಿದ್ದ ಠೇವಣಿಯನ್ನು ಬ್ಯಾಂಕೊಂದು ಹಿಡಿದುಕೊಂಡುದು ತಪ್ಪಲ್ಲವೆಂದು 1992ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಈ ಕಾರಣದಿಂದಲೇ. ಮನೆ, ಜಮೀನುಗಳ ಅಡಮಾನವಾದರೆ ಕಾಲ 12 ವರ್ಷ. ಡಿಕ್ರಿಯಾಗಿದ್ದರೆ ಅದರ ಜಾರಿಗೂ 12 ವರ್ಷ.

ಮಂಡ್ಯದ ಸೀಮೆಯಲ್ಲಿ ಹಳೆಯ ಸಾಲಕ್ಕೆ ಬರಗಾಲವಿಲ್ಲ. ಕಬ್ಬು ನಾಟಿಯಾದ ಮೇಲೆ ಹಣ ಕೈಸೇರಲು ವರ್ಷವೇ ಬೇಕು. ಆ ವರ್ಷವನ್ನು ದಾಟಿಸುವುದು ಸಾಲ. 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಾರ್ಖಾನೆಯ ಗಾಣವೂ ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ತಿರುಗಿತು. ಮಳವಳ್ಳಿಯ ಕಡೆಯ ಹಳ್ಳಿಯನ್ನು ಬಿಟ್ಟು ಮದ್ದೂರಿನಲ್ಲೋ ಮಂಡ್ಯದಲ್ಲೋ ನೌಕರಿ ಹಿಡಿದ ಮಗನ ಮನೆಗೆ, ತೀರಿಹೋದ ತಂದೆಯ ನೋಟು ಎಂಟು ವರ್ಷದ ಮೇಲೆ ವಿಳಾಸ ಹುಡುಕಿಕೊಂಡು ಬರುವುದುಂಟು.

ಬಂದವನು ಗದರಿಸಲೇಬೇಕೆಂದಿಲ್ಲ. ಜಗಲಿಯ ಮೇಲೆ ಕುಳಿತು, ಕಾಫಿ ಕುಡಿದು, ಮೆಲ್ಲಗೆ ಹೇಳುತ್ತಾನೆ: “ಪೂರಾ ಕೊಡಿ ಅಂತ ನಾನೇನ್ ಕೇಳ್ತಾ ಇಲ್ಲ ಸ್ವಾಮಿ. ಐನೂರು ಕೊಡಿ, ಉಳಿದದ್ದು ನಿಧಾನಕ್ಕೆ ಕೊಡ್ತೀನಿ ಅಂತ ಇಲ್ಲೊಂದು ರುಜು ಹಾಕ್ಬುಡಿ.” ಒಳಗಿನಿಂದ ಮನೆಯಾಕೆಯ ದನಿ: “ಹಾಕಿಬಿಡಿ ಅಂದ್ರೆ. ಮಾವನವರ ಹೆಸರು ಬೀದಿಗೆ ಬರೋದು ಬೇಡ.”

ಅವನಿಗೆ ಬೇಕಾದುದು ಐನೂರಲ್ಲ, ಆ ರುಜು. ಮೂರು ವರ್ಷದೊಳಗೆ ಸಾಲವನ್ನು ಒಪ್ಪಿ ಹಾಕಿದ ರುಜುವಿನಿಂದ ಗಡುವು ಹೊಸದಾಗಿ ಆರಂಭವಾಗುತ್ತದೆ. ಅವಧಿ ಕಳೆದ ಮೇಲೆ ಬರಿಯ ಒಪ್ಪಿಗೆಗೆ ಆ ಶಕ್ತಿಯಿಲ್ಲ. ಆದರೆ ‘ಕೊಡುತ್ತೇನೆ’ ಎಂದು ಬರೆದು ರುಜು ಹಾಕಿದರೆ, 1872ರ ಕರಾರು ಕಾಯಿದೆಯ 25ನೆಯ ಕಲಮಿನಂತೆ ಅದು ಹೊಸ ಕರಾರಾಗುತ್ತದೆ. ಮುಚ್ಚಿದ್ದ ಬಾಗಿಲನ್ನು ಯಜಮಾನನೇ ತೆರೆದಂತಾಯಿತು.

ಮಾವನವರ ಹೆಸರಿನ ಮಾತೂ ಉಪೇಕ್ಷಿಸುವಂಥದಲ್ಲ. ಪಿತೃಋಣವನ್ನು ತೀರಿಸುವುದು ಪುತ್ರಧರ್ಮವೆಂದು ಹಿಂದೂ ನ್ಯಾಯಶಾಸ್ತ್ರವೇ ಒಂದು ಕಾಲದಲ್ಲಿ ವಿಧಿಸಿತ್ತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯ ಅನಂತರ ಮಾಡಿದ ಸಾಲಕ್ಕೆ ಆ ಧರ್ಮವೊಂದನ್ನೇ ಮುಂದಿಟ್ಟು ಮಗನನ್ನು ಕೋರ್ಟಿಗೆಳೆಯುವಂತಿಲ್ಲ. ತಂದೆಯಿಂದ ಬಂದ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ ಹೊಣೆ; ಅದೂ ಗಡುವಿನೊಳಗೆ ಕೇಳಿದರೆ.

ಗಡುವು ಮೀರಿದೆಯೆಂಬ ಧೈರ್ಯದಿಂದ ಸಮನ್ಸನ್ನು ಗೂಡಿನಲ್ಲಿಟ್ಟು ಮರೆಯುವವರೂ ಇದ್ದಾರೆ. ಇದು ಜಾಣತನವಲ್ಲ. ದಾವೆಯಲ್ಲಿ ಯಾವ ತಾರೀಖು ಬರೆದಿದೆಯೋ, ಯಾರ ರುಜು ತೋರಿಸಿದೆಯೋ! ವಕೀಲರ ಮೂಲಕ ಹಾಜರಾಗಿ ತಾರೀಖನ್ನು ಹೇಳಲೇಬೇಕು.

ಇನ್ನು ಬೀದಿಯಲ್ಲಿ ಕೂಗಾಡುವ ವಸೂಲಿಗಾರರು. ಸಾಲ ಹಳೆಯದಾಗಲಿ ಹೊಸದಾಗಲಿ, ಬೆದರಿಕೆಗೆ ಪೋಲೀಸು ಠಾಣೆಯುಂಟು. ಬ್ಯಾಂಕು, ಹಣಕಾಸು ಕಂಪನಿಗಳ ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಸಾಲಗಾರನಿಗೆ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ವಿಧಿಸಿತು. 2025ರ ಆರಂಭದಲ್ಲಿ ಮಳವಳ್ಳಿ ತಾಲ್ಲೂಕಿನಿಂದಲೂ ಸಾಲದ ಕಿರುಕುಳಕ್ಕೆ ಜೀವ ಹೋದ ಸುದ್ದಿ ಬಂದಿತ್ತು. ಆ ಫೆಬ್ರವರಿಯಲ್ಲಿಯೇ ಕಿರುಸಾಲದ ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆಯನ್ನು ರಾಜ್ಯ ಸರ್ಕಾರವು ಹೊರಡಿಸಿತು.

ಕಷ್ಟಕಾಲದಲ್ಲಿ ನೆರವಾದ ನೆರೆಯವನ ಹಣವನ್ನು ಕಾನೂನಿನ ಹಂಗಿಲ್ಲದೆ ತೀರಿಸಬೇಕೆನ್ನುವ ಮನಸ್ಸುಳ್ಳವರು ತೀರಿಸಲಿ; ಅದು ದೊಡ್ಡ ಗುಣವೇ. ಆದರೆ ಜಗಲಿಯ ಮೇಲೆ ಕುಳಿತವನಿಗಲ್ಲ, ಸಾಲ ಕೊಟ್ಟವರ ಕೈಗೇ ಕೊಡಬೇಕು. ಸಾಲ ಪೂರ್ತಿ ಸಂದಿತೆಂದು ಅವರಿಂದ ರಸೀತಿ ಬರೆಸಿಕೊಂಡು, ಹಳೆಯ ನೋಟನ್ನು ವಾಪಸು ಪಡೆದು ಮನೆಗೆ ತರಬೇಕು.