18 ತುಂಬಿದ ಮೇಲೆ ನಾವು ಯಾರ ಲೆಕ್ಕಕ್ಕೆ?

ನನ್ನ ಸೋದರಮಾವ 19ನೇ ವಯಸ್ಸಿಗೆ ತೀರಿಕೊಂಡರು. ನನಗೀಗ 26. ಇಬ್ಬರಿಗೂ ಒಂದೇ ಕಾಯಿಲೆ: ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಚಿಕ್ಕದಾಗಿ ಡಿಎಂಡಿ. ಅವರ ಕಾಲದಿಂದ ನನ್ನ ಕಾಲಕ್ಕೆ ಕಾಯಿಲೆ ಬದಲಾಗಿಲ್ಲ, ಆರೈಕೆ ಬದಲಾಗಿದೆ. ಸ್ಟಿರಾಯ್ಡ್ ಮಾತ್ರೆ ಇನ್ನೊಂದೆರಡು ವರ್ಷ ಹೆಚ್ಚು ನಡೆಸುತ್ತದೆ. ಹೃದಯದ ಮಾತ್ರೆಗಳನ್ನು ಮೊದಲೇ ಶುರು ಮಾಡುತ್ತಾರೆ. ರಾತ್ರಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗಿದರೆ ಬೈಪ್ಯಾಪ್ ಯಂತ್ರ ಉಸಿರಿಗೆ ಆಸರೆಯಾಗುತ್ತದೆ. ಹದಿಹರೆಯ ದಾಟುವುದೇ ಅಪರೂಪವಾಗಿದ್ದ ಹುಡುಗರು ಈಗ ಒಳ್ಳೆಯ ಆರೈಕೆ ಸಿಕ್ಕರೆ 30 ದಾಟುತ್ತಿದ್ದಾರೆ. ಆದರೆ ನಮ್ಮ ಮನೆ, ಶಾಲೆ, ಆಸ್ಪತ್ರೆ, ಸರ್ಕಾರ ಎಲ್ಲವೂ ಇನ್ನೂ ನನ್ನ ಮಾವನ ಕಾಲದ ಲೆಕ್ಕವನ್ನೇ ಹಿಡಿದುಕೊಂಡಿವೆ. ನಾವು ದೊಡ್ಡವರಾಗುತ್ತೇವೆ ಎಂದು ಯಾರೂ ಎಣಿಸಿಯೇ ಇಲ್ಲ. ನನ್ನ ವಯಸ್ಸಿನ ಡಿಎಂಡಿ ಹುಡುಗರ ಮನಸ್ಸನ್ನು ಕುಗ್ಗಿಸುವುದು ಸ್ನಾಯುಗಳ ಸೋಲಿಗಿಂತ ಹೆಚ್ಚಾಗಿ ಇದೇ ಎಂದು ನಾನು ನಂಬಿದ್ದೇನೆ.

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಸ್ನಾಯುವನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ನಮ್ಮ ಮೈಯಲ್ಲಿ ತಯಾರಾಗುವುದಿಲ್ಲ. ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಹೀಗಾಗುತ್ತದೆ. ಮೂರ್ನಾಲ್ಕು ವರ್ಷಕ್ಕೆ ಮಗು ಮೆಟ್ಟಿಲು ಹತ್ತಲು ಕಷ್ಟಪಡುತ್ತದೆ, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೇ ಕೈಯೂರಿ ಏಳುತ್ತದೆ. 12ರ ಆಸುಪಾಸಿನಲ್ಲಿ ಗಾಲಿಕುರ್ಚಿ. ಆಮೇಲೆ ತೋಳು, ಹೃದಯ, ಉಸಿರು. ದೋಷವಿರುವ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಹಾಗಾಗಿ ಹೆಚ್ಚಿನ ಮನೆಗಳಲ್ಲಿ ಅದು ತಾಯಿಯಿಂದ ಬರುತ್ತದೆ, ಸುಮಾರು ಮೂರರಲ್ಲೊಂದು ಮಗುವಿನಲ್ಲಿ ಹೊಸದಾಗಿ ಹುಟ್ಟುತ್ತದೆ. ತಮ್ಮನನ್ನು ಕಳೆದುಕೊಂಡ ನನ್ನ ಅಮ್ಮ ಮತ್ತೆ ಅದನ್ನೇ ಮಗನಲ್ಲಿ ಕಂಡರು. 'ನಿನ್ನ ತವರಿನ ಕಡೆಯಿಂದ ಬಂದದ್ದು' ಎಂಬ ಮಾತನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಆಡಿದರೋ. ಜೀನಿಗೆ ತವರಿಲ್ಲ, ಅತ್ತೆಮನೆಯಿಲ್ಲ. ತಪ್ಪು ಯಾರದ್ದೂ ಅಲ್ಲ ಎಂದು ಅಮ್ಮನ ಎದುರು ಕೂತು ಬಿಡಿಸಿ ಹೇಳಿದವರು ಒಬ್ಬರೂ ಇರಲಿಲ್ಲ.

ನನಗೂ ಯಾರೂ ಏನನ್ನೂ ಹೇಳಲಿಲ್ಲ. ವೈದ್ಯರು ನನ್ನನ್ನು ಹೊರಗೆ ಕೂರಿಸಿ ಅಪ್ಪನ ಹತ್ತಿರ ಮಾತಾಡುತ್ತಿದ್ದರು. ನೆಂಟರು ಬಂದರೆ 'ಅವನ ಎದುರಿಗೆ ಬೇಡ' ಎಂದು ಕಣ್ಸನ್ನೆಯಾಗುತ್ತಿತ್ತು. 13ನೇ ವಯಸ್ಸಿಗೆ ನಾನು ಅಪ್ಪನ ಮೊಬೈಲಿನಲ್ಲಿ ಕಾಯಿಲೆಯ ಹೆಸರು ಹುಡುಕಿ, ಎಲ್ಲವನ್ನೂ ಒಂದೇ ಸಂಜೆ ಓದಿಕೊಂಡೆ. ನಡುಮನೆಯ ಗೋಡೆಯಲ್ಲಿ ಹೂವಿನ ಹಾರ ಹಾಕಿದ ಮಾವನ ಫೋಟೊ ಇತ್ತು. ನನಗೆ ಗೊತ್ತಿರುವುದು ಮನೆಯವರಿಗೆ ಗೊತ್ತಾಗಬಾರದು ಎಂದು ನಾನು, ನನಗೆ ಗೊತ್ತಾಗಬಾರದು ಎಂದು ಅವರು. ಹೀಗೆ ಒಂದೇ ಸೂರಿನಡಿ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಎಲ್ಲರೂ ಒಂಟಿಯಾದೆವು. ಸುಳ್ಳು ಭರವಸೆಗಿಂತ ಸತ್ಯದ ಜೊತೆಗಿರುವ ಒಬ್ಬ ಮನುಷ್ಯ ಮೇಲು. ಡಿಎಂಡಿ ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ 2018ರಲ್ಲಿ ಪರಿಷ್ಕೃತವಾಯಿತು. ಮುಂದಿನ ಬದುಕಿನ ಬಗ್ಗೆ, ಓದು, ಕೆಲಸ, ಇಷ್ಟಾನಿಷ್ಟಗಳ ಬಗ್ಗೆ ಹುಡುಗನ ಜೊತೆಗೇ ಮಾತು 12ನೇ ವಯಸ್ಸಿನ ಹೊತ್ತಿಗೆ ಶುರುವಾಗಬೇಕು ಎಂದು ಅದು ಹೇಳುತ್ತದೆ. ಮನಸ್ಸಿನ ಆರೋಗ್ಯವನ್ನು ಪ್ರತಿ ಭೇಟಿಯಲ್ಲೂ ವಿಚಾರಿಸಬೇಕು ಎನ್ನುತ್ತದೆ. ನನ್ನನ್ನು ಹಾಗೆ ವಿಚಾರಿಸಿದ ನೆನಪಿಲ್ಲ.

18 ತುಂಬಿದ ವರ್ಷ ಮಕ್ಕಳ ಆಸ್ಪತ್ರೆಯವರು ನನ್ನ ಫೈಲನ್ನು ಅಮ್ಮನ ಕೈಗಿಟ್ಟು 'ಇನ್ನು ದೊಡ್ಡವರ ಆಸ್ಪತ್ರೆಗೆ ಹೋಗಿ' ಎಂದರು. ಯಾರನ್ನು ಕಾಣಬೇಕೆಂದು ಹೇಳಲಿಲ್ಲ. ಹೊಸ ಆಸ್ಪತ್ರೆಯ ವೈದ್ಯರು ಫೈಲು ತಿರುವಿ ಹಾಕಿ ಅಮ್ಮನನ್ನು ಕೇಳಿದರು, 'ಹುಡುಗನಿಗೆ ಊಟ ಸೇರುತ್ತಾ?' ಹುಡುಗ ಎದುರಿಗೇ ಕೂತಿದ್ದ, ದ್ವಿತೀಯ ಪಿಯುಸಿ ಪಾಸಾಗಿದ್ದ. ಆಸ್ಪತ್ರೆಯದ್ದೊಂದೇ ಕತೆಯಲ್ಲ. ಮಕ್ಕಳ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18ಕ್ಕೆ ಮುಗಿಯುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆ ಕೊಡುವ ಉಚಿತ ಶಿಕ್ಷಣದ ಹಕ್ಕು 6ರಿಂದ 18ರವರೆಗೆ. ಮನೆಗೆ ಬಂದು ಪಾಠ ಹೇಳುತ್ತಿದ್ದ ಸಮನ್ವಯ ಶಿಕ್ಷಣದ (ಬಿಐಇಆರ್‌ಟಿ) ಮೇಷ್ಟರೂ ಆ ಹೊತ್ತಿಗೆ ನಿಲ್ಲುತ್ತಾರೆ. ಜೊತೆಯ ಹುಡುಗರು ಎಂಜಿನಿಯರಿಂಗ್ ಎಂದು ಬೆಂಗಳೂರಿಗೆ ಹೋಗುತ್ತಾರೆ. ಸರಿಯಾಗಿ ಅದೇ ವರ್ಷಗಳಲ್ಲಿ ಕೈ ಎತ್ತಲಾಗದಂತಾಗುತ್ತದೆ, ಉಸಿರು ಕಟ್ಟಲು ಶುರುವಾಗುತ್ತದೆ.

ಇದರ ಮೇಲೆ ಸ್ಟಿರಾಯ್ಡ್ ಇನ್ನೊಂದು ಕೆಲಸ ಮಾಡುತ್ತದೆ. ಮುಖ ದುಂಡಗಾಗುತ್ತದೆ, ಎತ್ತರ ನಿಲ್ಲುತ್ತದೆ, ಮೀಸೆ ತಡವಾಗುತ್ತದೆ. 19 ವರ್ಷದವನನ್ನು ಜನ 'ಪುಟ್ಟಾ' ಎಂದು ಕರೆದು ಕೆನ್ನೆ ಹಿಂಡುತ್ತಾರೆ. ತಡವಾದ ಪ್ರೌಢತೆಗೆ ಹಾರ್ಮೋನ್ ಚಿಕಿತ್ಸೆ ಇದೆ, ಆದರೆ ಕೇಳುವವರಿಲ್ಲ. ನಮಗೂ ಪ್ರೀತಿ ಹುಟ್ಟುತ್ತದೆ, ಮೈಗೆ ಆಸೆಯಿದೆ ಎಂಬುದನ್ನು ಹೇಳಲು ಇಡೀ ಊರಿನಲ್ಲಿ ನನಗೊಂದು ಜಾಗ ಇರಲಿಲ್ಲ.

ಈಗ ಯಾರೂ ಬರೆಯದ ಸಂಗತಿಗೆ ಬರುತ್ತೇನೆ. ನಾನು ವರ್ಷಗಟ್ಟಲೆ ನೀರು ಕಡಿಮೆ ಕುಡಿದಿದ್ದೇನೆ. ಬಾಯಾರಿಕೆ ಇರಲಿಲ್ಲವೆಂದಲ್ಲ. ಮೂತ್ರಕ್ಕೆ ಬಾಟಲಿ ಹಿಡಿಯಲು ಅಮ್ಮನನ್ನು ಕರೆಯಬೇಕಾಗುತ್ತದೆ ಎಂದು. ನನಗೆ ಪರಿಚಯವಿರುವ ಡಿಎಂಡಿ ಹುಡುಗರಲ್ಲಿ ಹಲವರು ಹೀಗೇ ಮಾಡುತ್ತಾರೆ. 20 ದಾಟಿದ ಮಗನಿಗೆ ಸ್ನಾನ ಮಾಡಿಸುವ ತಾಯಿ, ತಲೆ ತಗ್ಗಿಸಿ ಕೂರುವ ಮಗ: ಇಬ್ಬರಿಗೂ ಅದು ದಿನದಿನದ ಸಂಕಟ. ರಾತ್ರಿ ಮಗ್ಗುಲು ಬದಲಿಸಲು ಅಮ್ಮನನ್ನು ಮತ್ತೆ ಮತ್ತೆ ಎಬ್ಬಿಸಬೇಕು. ಅವರಿಗೆ 50 ದಾಟಿದೆ, ಸೊಂಟ ಹಿಡಿದುಕೊಂಡಿದೆ. ನೋವಾದರೂ ಕರೆಯದೆ ಒಂದೇ ಮಗ್ಗುಲಲ್ಲಿ ಬೆಳಗು ಮಾಡಿದ ರಾತ್ರಿಗಳು ನನಗೆ ಬಹಳ ಇವೆ. 'ನಾನು ಹೊರೆ' ಎಂಬ ಮಾತು ಹುಡುಗನ ತಲೆಯೊಳಗೆ ಬರುವುದು ಇಂಥ ರಾತ್ರಿಗಳಲ್ಲಿ. ಆಪ್ತಸಮಾಲೋಚಕರು ಎಷ್ಟು ಒಳ್ಳೆಯವರಾದರೂ, ಬಾಟಲಿ ಹಿಡಿಯಲು ಇನ್ನೊಬ್ಬ ಮನುಷ್ಯ ಇಲ್ಲದ ಮನೆಯಲ್ಲಿ ಅವರ ಮಾತು ಎಷ್ಟು ದಿನ ನಿಂತೀತು?

ನಮ್ಮ ಮನೆಯಲ್ಲಿ ಅದು ಬದಲಾದದ್ದು ಪಕ್ಕದ ಹಳ್ಳಿಯ ಒಬ್ಬ ಯುವಕ ಬೆಳಿಗ್ಗೆ, ಸಂಜೆ ಬರಲು ಒಪ್ಪಿದ ಮೇಲೆ. ಸಂಬಳಕ್ಕೆ ಬರುತ್ತಾನೆ, ಎತ್ತುತ್ತಾನೆ, ಸ್ನಾನ ಮಾಡಿಸುತ್ತಾನೆ, ಕ್ರಿಕೆಟ್ ಮಾತಾಡುತ್ತಾನೆ. ಅಮ್ಮ ಮತ್ತೆ ಅಮ್ಮನಾದರು. ನಾವಿಬ್ಬರೂ ಈಗ ಜಗಳವಾಡುತ್ತೇವೆ, ಮೊದಲು ಆಡುತ್ತಿರಲಿಲ್ಲ. ಅವನ ಸಂಬಳವನ್ನು ಅಪ್ಪನ ತೆಂಗಿನ ತೋಟ ಹೊರುತ್ತದೆ. ತೋಟವಿಲ್ಲದವರು ಏನು ಮಾಡಬೇಕು? ಮಸ್ಕ್ಯುಲರ್ ಡಿಸ್ಟ್ರೋಫಿಯೂ ಸೇರಿ ಕೆಲವು ಕಾಯಿಲೆಗಳಿರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಎಂದು ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಹೇಳಿತು. ಆರೈಕೆಯೂ ದುಡಿಮೆಯೇ ಎಂದು ಒಪ್ಪಿದ್ದಕ್ಕೆ ನಾನು ಕೃತಜ್ಞ. ಆದರೆ ಆ ಹಣಕ್ಕೆ ಯಾರೂ ತಿಂಗಳಿಡೀ ಒಬ್ಬನನ್ನು ಎತ್ತಿ ಇಳಿಸಲು ಬರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಹಾಕಬಹುದು, ಮಂಡಳಿಯೊಂದು ಅಳೆದು ನೋಡಿ ವರದಿ ಕೊಡಬೇಕು, ಅದರಂತೆ ಪ್ರಾಧಿಕಾರ ನೆರವು ಒದಗಿಸಬೇಕು. ಕಾನೂನು ಇದೆ. ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ತರಬೇತಾದ ಸಹಾಯಕನೊಬ್ಬನನ್ನು ದಿನಕ್ಕೆ ಕೆಲವು ಗಂಟೆಯಾದರೂ ಇಂಥ ಮನೆಗೆ ಕಳಿಸುವ ಏರ್ಪಾಡನ್ನು ಇವೆರಡರಿಂದಲೇ ಕಟ್ಟಬಹುದು.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು, 50 ಲಕ್ಷ ರೂಪಾಯಿವರೆಗಿನ ನೆರವಿನ ಮಾತು ಅದರಲ್ಲಿದೆ. ಕೋಟಿಗಟ್ಟಲೆ ಬೆಲೆಯ ಔಷಧಗಳ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತದೆ. ಔಷಧ ಬೇಕು, ಅದಕ್ಕಾಗಿ ಹೋರಾಡುತ್ತಿರುವ ತಂದೆತಾಯಿಗಳಿಗೆ ನನ್ನ ನಮಸ್ಕಾರ. ಆದರೆ ಔಷಧ ಬರುವವರೆಗೆ ಬದುಕಬೇಕಾದದ್ದೂ ಬದುಕೇ.

ನನ್ನ ಬದುಕನ್ನು ತಿರುಗಿಸಿದ್ದು ಬ್ಯಾಟರಿ ಗಾಲಿಕುರ್ಚಿ. ಬೆರಳ ತುದಿಯಲ್ಲಿ ಅದರ ಜಾಯ್‌ಸ್ಟಿಕ್ ಒತ್ತಿದರೆ ಸಾಕು. ಅದು ಬಂದ ವಾರ ನಾನು ಒಬ್ಬನೇ ಬೀದಿ ದಾಟಿ ತಿಪಟೂರಿನ ಕೊಬ್ಬರಿ ಮಂಡಿಯ ಕಡೆಗೆ ಹೋದೆ. ಯಾರೂ ತಳ್ಳಲಿಲ್ಲ, ಯಾರ ಅನುಮತಿಯೂ ಬೇಕಾಗಲಿಲ್ಲ. ಕಾಲೇಜಿನ ತರಗತಿ ಮೊದಲ ಮಹಡಿಯಲ್ಲಿತ್ತು, ಗೆಳೆಯರು ಕುರ್ಚಿ ಸಮೇತ ಎತ್ತುತ್ತಿದ್ದರು. ಅದು ಸಾಕಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಮಾಡಿದೆ. ಈಗ ಇಬ್ಬರು ಕೊಬ್ಬರಿ ವರ್ತಕರ ಲೆಕ್ಕ ಬರೆಯುತ್ತೇನೆ, ಟ್ಯಾಲಿ, ಜಿಎಸ್‌ಟಿ ಎಲ್ಲವೂ ಕೂತಲ್ಲೇ. ತಿಂಗಳ ಕೊನೆಗೆ ಅವರು ಬೇಗ ಕಳಿಸು ಎಂದು ಗದರುತ್ತಾರೆ. ಎಲ್ಲರೂ ಕನಿಕರ ತೋರಿಸುವ ಊರಿನಲ್ಲಿ ಆ ಗದರಿಕೆ ನನಗೆ ಬೇಕಾಗಿತ್ತು.

ವೈದ್ಯರಿಗೂ ಮನೆಯವರಿಗೂ ಒಂದು ಮಾತು ಹೇಳಲೇಬೇಕು. 21ರ ಸುಮಾರಿಗೆ ನಾನು ಮಂಕಾಗಿದ್ದೆ. ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಊಟ ಬೇಡ, ಮಾತು ಬೇಡ. ಎಲ್ಲರೂ ಅದನ್ನು ಖಿನ್ನತೆ ಎಂದುಕೊಂಡರು. ನಿಜದಲ್ಲಿ, ನಿದ್ದೆಯಲ್ಲಿ ಉಸಿರು ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿತ್ತು. ಬೈಪ್ಯಾಪ್ ಹಾಕಿದ ಮೇಲೆ ಮುಖ ಗೆಲುವಾಯಿತು. ಡಿಎಂಡಿ ಇರುವವನು ಮಂಕಾದರೆ ಮನಸ್ಸನ್ನು ಕೇಳಿ, ಉಸಿರನ್ನೂ ಅಳೆಯಿರಿ. ಖಿನ್ನತೆಯೂ ಇರಬಹುದು, ಎರಡೂ ಜೊತೆಗಿರಬಹುದು. ಡಿಸ್ಟ್ರೋಫಿನ್ ಮಿದುಳಿನಲ್ಲೂ ಕೆಲಸ ಮಾಡುವ ಪ್ರೋಟೀನು. ಕಲಿಕೆಯ ತೊಡಕು, ಚಂಚಲತೆ, ಆತಂಕ ಕೆಲವು ಹುಡುಗರಿಗೆ ಕಾಯಿಲೆಯ ಭಾಗವಾಗಿಯೇ ಬರುತ್ತವೆ. ಅವರನ್ನು ಹಠಮಾರಿಗಳೆಂದು ಬೈಯಬೇಡಿ.

ಡೆನ್ಮಾರ್ಕಿನಲ್ಲಿ 18ರಿಂದ 42 ವರ್ಷದ 65 ಮಂದಿ ಡಿಎಂಡಿ ಪುರುಷರನ್ನು ಮಾತಾಡಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅಲ್ಲಿ ಸರ್ಕಾರವೇ ಸಹಾಯಕರನ್ನು ಕೊಡುತ್ತದೆ. ಕಾಯಿಲೆಯ ಚಿಂತೆ ಅವರನ್ನು ಅಷ್ಟಾಗಿ ಕಾಡುತ್ತಿರಲಿಲ್ಲ, ಬದುಕು ಚೆನ್ನಾಗಿದೆ ಎಂದೇ ಅವರು ಹೇಳಿದರು. ಕೊರತೆ ಕಂಡದ್ದು ವಿದ್ಯಾರ್ಹತೆ, ಕೆಲಸ, ಪ್ರೇಮ ಸಂಬಂಧಗಳಲ್ಲಿ: ದೊಡ್ಡವರ ಬದುಕಿಗೆ ಅವರನ್ನು ಅಣಿಗೊಳಿಸಿರಲಿಲ್ಲ. ಅಷ್ಟು ಅನುಕೂಲವಿರುವ ದೇಶದಲ್ಲೇ ಹೀಗಾದರೆ ನಾವು ಎಷ್ಟು ಬೇಗ ಶುರು ಮಾಡಬೇಕು, ಯೋಚಿಸಿ.

ನಮ್ಮ ಹುಡುಗರದ್ದೊಂದು ವಾಟ್ಸ್‌ಆ್ಯಪ್ ಗುಂಪಿದೆ. ರಾಯಚೂರಿನಿಂದ ಪುತ್ತೂರಿನವರೆಗೆ ಇದ್ದೇವೆ. ಆಗಾಗ ಒಬ್ಬ ಸುಮ್ಮನಾಗುತ್ತಾನೆ, ಎರಡು ದಿನದ ಮೇಲೆ ಅವನ ಅಣ್ಣನೋ ಅಕ್ಕನೋ ಅದೇ ನಂಬರಿನಿಂದ ಸುದ್ದಿ ಹಾಕುತ್ತಾರೆ. ಆ ರಾತ್ರಿ ನಾವು ಯಾರೂ ಮಲಗುವುದಿಲ್ಲ. ನಮ್ಮ ದುಃಖಕ್ಕೂ ಒಂದು ಕಿವಿ ಬೇಕು. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸ್ನಾಯು ಕಾಯಿಲೆಯ ವೈದ್ಯರೂ ಮನೋವೈದ್ಯಕೀಯ ಸಮಾಜಕಾರ್ಯದವರೂ ಒಂದೇ ಆವರಣದಲ್ಲಿದ್ದಾರೆ. ಪ್ರತಿ ಜಿಲ್ಲೆಯ ವೈದ್ಯಕೀಯ ಕಾಲೇಜಿನಲ್ಲಿ ತಿಂಗಳಿಗೊಂದು ದಿನವಾದರೂ ಉಸಿರು, ಹೃದಯ, ಮನಸ್ಸು ಮೂರನ್ನೂ ಒಟ್ಟಿಗೆ ನೋಡುವ ಕ್ಲಿನಿಕ್ ಬೇಕು, ಅದು 18 ದಾಟಿದವರಿಗಾಗಿಯೇ ಇರಬೇಕು. ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಅದು.

ಮಗನಿಗೆ 12 ದಾಟಿರುವ ಅಪ್ಪ ಅಮ್ಮಂದಿರಲ್ಲಿ ಇನ್ನೊಂದು ಕೋರಿಕೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಹತ್ತು ನಿಮಿಷ ನೀವು ಹೊರಗೆ ಕೂತಿರಿ, ವೈದ್ಯರ ಹತ್ತಿರ ಅವನೊಬ್ಬನೇ ಮಾತಾಡಲಿ. ಮನೆಗೆ ಬಂದ ಮೇಲೆ, 25ನೇ ವಯಸ್ಸಿಗೆ ಏನು ಮಾಡಬೇಕು ಅಂತಿದ್ದೀಯಾ ಎಂದು ಅವನನ್ನೇ ಕೇಳಿ.