ಒಪ್ಪಿಗೆ ಪತ್ರದಲ್ಲಿ ಇಲ್ಲದ ಹೆಸರು

2020ನೆಯ ಇಸವಿಯ ನವೆಂಬರ್ 16, ಬಲಿಪಾಡ್ಯಮಿ. ಇಟಗಿಯ ನನ್ನ ತಂಗಿಯ ಮನೆಯ ಪಡಸಾಲೆಯಲ್ಲಿ ಹಬ್ಬದೂಟ ಮುಗಿದಿತ್ತು. ಭಾವನವರ ಕೈಯಲ್ಲಿ ಒಂದು ಹಾಳೆ. ಮರುದಿನದಿಂದ ಪದವಿ ಕಾಲೇಜುಗಳ ಬಾಗಿಲು ತೆರೆಯಲಿದ್ದವು. ಧಾರವಾಡದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ಅವರ ಮಗಳು ವಸತಿನಿಲಯಕ್ಕೆ ಮರಳಬೇಕಾದರೆ ಮೂಗಿನ ದ್ರವದ ಪರೀಕ್ಷೆ ಮಾಡಿಸಿ, ಎಪ್ಪತ್ತೆರಡು ತಾಸಿನೊಳಗಿನ ವರದಿಯನ್ನು ತರಬೇಕಿತ್ತು. ಅದರೊಡನೆ ಪಾಲಕರ ಒಪ್ಪಿಗೆ ಪತ್ರ. ತರಗತಿಗೆ ಬರುವುದು ಕಡ್ಡಾಯವಲ್ಲ, ಬಂದರೆ ಪಾಲಕರ ಇಚ್ಛೆಯಿಂದಲೇ ಬಂದಂತೆ ಎಂಬುದು ಅದರ ತಾತ್ಪರ್ಯ.

ಭಾವನವರು ಎರಡು ಸಲ ಓದಿ, ಕನ್ನಡಕ ಸರಿಪಡಿಸಿಕೊಂಡು ರುಜು ಹಾಕಿದರು. ಆ ಮನೆಯ ಹಿರಿಯ ಜೀವ, ಅವರ ತಾಯಿ, ಕಂಬಕ್ಕೊರಗಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಎಪ್ಪತ್ತೈದು ದಾಟಿದವರು. ಇಷ್ಟಲಿಂಗ ಪೂಜೆಯಾಗದೆ ಒಂದು ತೊಟ್ಟು ನೀರನ್ನೂ ಮುಟ್ಟುವವರಲ್ಲ. "ಎಲ್ಲಾರೂ ಒಪ್ಪಿದ್ರಿ, ನನ್ನನ್ನ ಯಾರೂ ಕೇಳಲಿಲ್ಲಲ್ಲೋ" ಎಂದು ನಕ್ಕರು. ನಾವೂ ನಕ್ಕೆವು. ಆ ಮಾತಿನ ಬೆಲೆ ನಮಗೆ ತಿಳಿದದ್ದು ನಾಲ್ಕು ತಿಂಗಳ ಬಳಿಕ.

ಆ ಎಂಟು ತಿಂಗಳು ನಮ್ಮ ಭಾಗದ ಮನೆಗಳು ಕಂಡ ದಿನಗಳನ್ನು ಓದುಗರು ಮರೆತಿರಲಾರರು. ದೇಶದಲ್ಲಿ ಈ ರೋಗದ ಮೊದಲ ಸಾವು ಸಂಭವಿಸಿದ್ದು ನಮ್ಮದೇ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಆ ತಿಂಗಳು ಮುಗಿಯುವ ಮುನ್ನವೇ ಶಾಲೆ, ಕಾಲೇಜು, ಸಂತೆ, ಜಾತ್ರೆ ಎಲ್ಲವೂ ನಿಂತವು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕೊಂಡಾಡಿದ ಇಟಗಿಯ ಗುಡಿಗೂ ಬೀಗ ಬಿತ್ತು. ಪುರಾತತ್ತ್ವ ಇಲಾಖೆಯ ಸ್ಮಾರಕಗಳೆಲ್ಲ ಮಾರ್ಚ್ ನಡುವಿನಿಂದ ಜುಲೈ ಆರಂಭದವರೆಗೆ ಮುಚ್ಚಿದ್ದವು. ನನ್ನ ಸೋದರ ಸೊಸೆ ಮಾಳಿಗೆ ಹತ್ತಿ, ಬೆಳಕಿಂಡಿಯ ಪಕ್ಕದಲ್ಲಿ ಕುಳಿತು, ಮೊಬೈಲಿನಲ್ಲಿ ಸಸ್ಯಶಾಸ್ತ್ರದ ಪಾಠ ಕೇಳುತ್ತಿದ್ದಳು. ಸೂಕ್ಷ್ಮದರ್ಶಕವನ್ನು ಮುಟ್ಟದೆ ಸಸ್ಯಶಾಸ್ತ್ರ ಕಲಿಯುವುದೆಂದರೆ ಒಲೆ ಹೊತ್ತಿಸದೆ ರೊಟ್ಟಿ ಬಡಿದಂತೆ. ಹೀಗಾಗಿ ಅವಳು ಮರಳಲೇಬೇಕಿತ್ತು. ಮರಳಬಾರದಿತ್ತೆಂದು ನಾನು ಇಂದಿಗೂ ಹೇಳಲಾರೆ. ನಮ್ಮ ಹೆಣ್ಣುಮಕ್ಕಳ ಓದು ಒಂದು ವರ್ಷ ನಿಂತಿತೆಂದರೆ ಮದುವೆಯ ಮಾತು ತಾನಾಗಿಯೇ ಹೊಸಿಲು ದಾಟಿ ಒಳಗೆ ಬರುತ್ತದೆ ಎಂಬುದನ್ನು ಬಲ್ಲ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ.

ಮರಳಿದ ಬಗೆ ಹೇಗಿತ್ತು ಎಂಬುದೇ ಇಲ್ಲಿನ ಪ್ರಶ್ನೆ. ಕಾಲೇಜಿನ ಹೆಬ್ಬಾಗಿಲಿನಲ್ಲಿ ಒಬ್ಬ ಸಿಬ್ಬಂದಿ ಹಣೆಗೆ ಉಷ್ಣಮಾಪಕ ಹಿಡಿಯುತ್ತಿದ್ದ. ಇನ್ನೊಬ್ಬ ಅಂಗೈಗೆ ದ್ರಾವಣ ಸುರಿಯುತ್ತಿದ್ದ. ತರಗತಿಯಲ್ಲಿ ಬೆಂಚಿಗೊಬ್ಬರು. ಇದೆಲ್ಲ ಬೇಕಾದದ್ದೇ. ಆದರೆ ರೋಗವು ಲಕ್ಷಣ ತೋರುವುದಕ್ಕೆ ಒಂದೆರಡು ದಿನ ಮೊದಲೇ ಒಬ್ಬರಿಂದ ಒಬ್ಬರಿಗೆ ಹರಡಬಲ್ಲುದು. ಅಂಥವರ ಹಣೆ ತಣ್ಣಗೇ ಇರುತ್ತದೆ. ಎಪ್ಪತ್ತೆರಡು ತಾಸಿನ ವರದಿಯಾದರೂ ಮಾದರಿ ಕೊಟ್ಟ ಆ ಗಳಿಗೆಯ ಸುದ್ದಿಯನ್ನಷ್ಟೇ ಹೇಳುತ್ತದೆ. ಅಲ್ಲಿಂದ ಇಟಗಿಗೆ ಬಂದು, ಕುಕನೂರಿಗೆ ಹೋಗಿ, ಗದಗ, ಹುಬ್ಬಳ್ಳಿಗಳಲ್ಲಿ ಬಸ್ಸು ಬದಲಿಸಿ ಧಾರವಾಡ ಮುಟ್ಟುವಷ್ಟರಲ್ಲಿ ಏನಾಯಿತೆಂಬುದನ್ನು ಆ ಕಾಗದ ಹೇಳಲಾರದು.

ವಸತಿನಿಲಯದ ಸಂಗತಿ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2020ರ ನವೆಂಬರ್ 5ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಅಗತ್ಯವಿದ್ದಲ್ಲಿ ಮಾತ್ರ ವಸತಿನಿಲಯ ತೆರೆಯಬೇಕು, ಒಂದು ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇರಬಾರದು ಎಂದಿತ್ತು. ದಿಲ್ಲಿಯಲ್ಲಿ ಕುಳಿತು ಬರೆದ ಮಾತು. ನಮ್ಮ ಭಾಗದ ವಿದ್ಯಾರ್ಥಿಗಳು ಬೆಳೆದದ್ದು ಒಂದು ಕೋಣೆಗೆ ಒಬ್ಬರೆಂಬ ಲೆಕ್ಕದಲ್ಲಿ ಅಲ್ಲ. ಕೊಪ್ಪಳದ ಗವಿಮಠ, ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆಗಳ ಪ್ರಸಾದ ನಿಲಯಗಳಲ್ಲಿ ಓದಿದವರ ಮನೆಗಳಿಗೇ ಈ ಪತ್ರಿಕೆ ಹೋಗುತ್ತದೆ. ಒಂದೇ ಸಭಾಂಗಣದಲ್ಲಿ ಸಾಲು ಸಾಲಾಗಿ ಹಾಸಿಗೆ, ಒಂದೇ ಪಂಕ್ತಿಯಲ್ಲಿ ಪ್ರಸಾದ. ಜಾತಿ ಕುಲವೆನ್ನದೆ ಒತ್ತಾಗಿ ಕುಳಿತು ಉಣ್ಣುವುದೇ ಆ ಪಂಕ್ತಿಯ ಘನತೆ. ಆದರೆ ಮಾಸ್ಕ್ ಕಳಚುವ ಜಾಗವೂ ಅದೇ. ಊಟ, ನಿದ್ದೆ, ಹರಟೆ ಈ ಮೂರೂ ಮಾಸ್ಕ್ ಹಾಕಿಕೊಂಡು ಆಗುವ ಕೆಲಸಗಳಲ್ಲ. ಇಡೀ ದಿನದ ಎಚ್ಚರಿಕೆ ಹೆಬ್ಬಾಗಿಲಿನಲ್ಲಿ, ಅಪಾಯ ಮಾತ್ರ ರಾತ್ರಿಯ ಕೋಣೆಯಲ್ಲಿ.

ರೋಗಾಣು ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಹನಿಗಳ ಮೂಲಕವೂ ಹಬ್ಬುತ್ತದೆ, ಗಾಳಿಯಾಡದ ಒಳಕೋಣೆಯಲ್ಲಿ ಅದರ ಹಾವಳಿ ಹೆಚ್ಚು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಾರ್ವಜನಿಕ ತಿಳಿವಳಿಕೆಯಲ್ಲಿ ಬಿಡಿಸಿ ಹೇಳಿದ್ದು 2021ರ ಏಪ್ರಿಲ್ ಕೊನೆಯಲ್ಲಿ. ಅಲ್ಲಿಯವರೆಗೆ ನಾವು ಮೇಜು, ಬಾಗಿಲ ಚಿಲಕ, ತರಕಾರಿಗಳನ್ನು ಒರೆಸುವುದರಲ್ಲಿಯೇ ಬಹುಮಟ್ಟಿಗೆ ಸುಸ್ತಾಗಿದ್ದೆವು. ಕಿಟಕಿ ತೆರೆಯಿರಿ ಎಂಬ ಎರಡು ಶಬ್ದದ ಮಾತು ಆ ದೊಡ್ಡ ಫಲಕಗಳಲ್ಲಿ ಎಲ್ಲೋ ಮೂಲೆಯಲ್ಲಿರುತ್ತಿತ್ತು.

ಇನ್ನು ಮಾರ್ಚ್ ತಿಂಗಳ ಸಂಗತಿ. ಬರೆಯುವಾಗ ಕೈ ತಡೆಯುತ್ತದೆ. ಆದರೂ ಬರೆಯುತ್ತೇನೆ.

2021ರ ಮಾರ್ಚ್ ಕೊನೆಯ ವಾರ, ಒಂದು ರಾತ್ರಿ, ಸೊಸೆಯ ಕರೆ ಬಂತು. ಅವಳು ಊರಿನಿಂದ ಒಯ್ದ ಗುರೆಳ್ಳು ಚಟ್ನಿಯ ಡಬ್ಬಿ ತೆರೆದಿದ್ದಳು. "ಮಾಮಾ, ಚಟ್ನಿ ವಾಸನೀನ ಬರವಲ್ದು" ಎಂದಳು. ಹಿಂದಿನ ದಿನ ಸಣ್ಣಗೆ ಮೈ ಬೆಚ್ಚಗಾಗಿತ್ತಂತೆ. ವಸತಿನಿಲಯದ ಮೇಲ್ವಿಚಾರಕರಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿಲ್ಲ. ಹೇಳಿದರೆ ನಿಲಯವನ್ನೇ ಮುಚ್ಚುತ್ತಾರೆ, ಪ್ರಾಯೋಗಿಕ ತರಗತಿಗಳು ಮತ್ತೆ ನಿಲ್ಲುತ್ತವೆ, ಗೆಳತಿಯರೆಲ್ಲ ತನ್ನನ್ನೇ ಬೈಯುತ್ತಾರೆ ಎಂಬ ಅಂಜಿಕೆ. ಅವಳ ತಂದೆ ಆಗಲೇ ಹೇಳಿಬಿಟ್ಟಿದ್ದರು: "ಯಾರಿಗೂ ಹೇಳಬ್ಯಾಡ, ಮೊದಲ ಬಸ್ಸಿಗೆ ಹೊಂಟು ಬಾ."

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ಈ ರೋಗದ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಓದಿದವನು. ನಾನೂ "ಬಾ ತಂಗಿ, ಮನೀಗೆ ಬಾ" ಎಂದೇ ಹೇಳಿದೆ.

ಹಾಗೇಕೆ ಹೇಳಿದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ವಾತ್ಸಲ್ಯವೊಂದೇ ಕಾರಣವಲ್ಲ. ಭಯವೂ ಇತ್ತು. 2020ರ ಜೂನ್ ಕೊನೆಯಲ್ಲಿ ನೆರೆಯ ಬಳ್ಳಾರಿಯಲ್ಲಿ ಈ ರೋಗದಿಂದ ಸತ್ತವರ ಶವಗಳನ್ನು ಗುಂಡಿಗೆ ಎಸೆದ ದೃಶ್ಯವನ್ನು ರಾಜ್ಯವೆಲ್ಲ ಕಂಡಿತ್ತು. ಜಿಲ್ಲಾಡಳಿತ ಕ್ಷಮೆ ಕೇಳಿತು, ಆ ತಂಡದವರ ಮೇಲೆ ಕ್ರಮವೂ ಆಯಿತು. ಆದರೆ ಮೃತರನ್ನು ಕೂಡಿಸಿ, ಹಣೆಗೆ ವಿಭೂತಿ ಧರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುವ ಸಂಸ್ಕಾರ ನಮ್ಮದು. ಆ ದೃಶ್ಯ ಕಂಡ ಕಣ್ಣಿಗೆ, ಮಗುವನ್ನು ಪರರ ಕೈಗೆ ಬಿಡುವುದೆಂದರೆ ಕೊನೆಗೆ ಆ ಗುಂಡಿಗೇ ಬಿಟ್ಟಂತೆ ತೋರುತ್ತಿತ್ತು. ಕೈಗೆ ಮುದ್ರೆ ಒತ್ತುವುದು, ಮನೆಯ ಬಾಗಿಲಿಗೆ ಚೀಟಿ ಅಂಟಿಸುವುದು, ಓಣಿಯವರು ನೀರಿಗೆ ಬರಗೊಡದಿರುವುದು ಇವೆಲ್ಲವನ್ನೂ ನೋಡಿದ್ದೆವು. ರೋಗಕ್ಕಿಂತ ಹೆಚ್ಚಾಗಿ ರೋಗದ ಹೆಸರಿಗೆ ಅಂಜಿದೆವು.

ಅವಳು ಮೂರು ಬಸ್ಸು ಬದಲಿಸಿ ಬಂದಳು. ಆ ಬಸ್ಸುಗಳಲ್ಲಿ ಅವಳ ಪಕ್ಕದಲ್ಲಿ ಯಾರು ಯಾರು ಕುಳಿತಿದ್ದರೋ, ಅವರ ಮನೆಗಳಲ್ಲಿ ಎಂಥ ಹಿರಿಯರಿದ್ದರೋ, ನಮಗೆ ತಿಳಿಯದು. ನಿಲಯದ ಕೋಣೆಯಲ್ಲಿ ಅವಳೊಡನೆ ಮಲಗುತ್ತಿದ್ದ ಮೂವರು ಹುಡುಗಿಯರಿಗೂ ವಿಷಯ ತಿಳಿಯಲಿಲ್ಲ. ಅವರಲ್ಲಿ ಇಬ್ಬರು ಆ ಶನಿವಾರವೇ ತಮ್ಮ ತಮ್ಮ ಊರಿಗೆ ಹೋದರೆಂದು ಆಮೇಲೆ ಕೇಳಿದೆವು.

ಮನೆಯಲ್ಲಿ ಅವಳನ್ನು ಒಳಕೋಣೆಯಲ್ಲಿ ಇರಿಸಿದರು. ಬೇರೆ ಇರಿಸಿದೆವೆಂದೇ ಎಲ್ಲರ ಸಮಾಧಾನ. ಆದರೆ ನಮ್ಮ ಹಳೆಯ ಮಾಳಿಗೆ ಮನೆಗಳ ಒಳಕೋಣೆಯೆಂದರೆ ಏನು? ಒಂದು ಬಾಗಿಲು, ಮೇಲೊಂದು ಬೆಳಕಿಂಡಿ. ಧಾನ್ಯ ಕೆಡದಂತೆ ಕಾಯಲು ಕಟ್ಟಿದ ಕೋಣೆ, ಉಸಿರಾಡಲು ಕಟ್ಟಿದ್ದಲ್ಲ. ಅಲ್ಲಿನ ಗಾಳಿಯೆಲ್ಲ ಪಡಸಾಲೆಗೇ ಬರಬೇಕು. ಹುಡುಗಿ ಐದಾರು ದಿನಗಳಲ್ಲಿ ಎದ್ದು ಓಡಾಡಿದಳು. ಏಳನೆಯ ದಿನ ಅಜ್ಜಿ ಮಲಗಿದರು. ಅರವತ್ತು ದಾಟಿದವರಿಗೆ ಮಾರ್ಚ್ 1ರಿಂದಲೇ ಲಸಿಕೆ ಹಾಕುತ್ತಿದ್ದರು. ಊರ ಸುದ್ದಿಗೆ ಅಂಜಿ ನಾಳೆ ನಾಡಿದ್ದು ಎಂದು ಮುಂದೂಡಿದ್ದೆವು. ಉಸಿರು ಏರಿದ ಮೇಲೆ ಕೊಪ್ಪಳದ ಆಸ್ಪತ್ರೆಯೊಂದಕ್ಕೆ ಸೇರಿಸಿ, ಒಂಬತ್ತು ದಿನ ಆಮ್ಲಜನಕದ ಆಸರೆಯಲ್ಲಿ ಇರಿಸಬೇಕಾಯಿತು. ಶಿವನ ದಯೆಯಿಂದ ಮರಳಿ ಬಂದರು. ಎರಡನೆಯ ಅಲೆಯ ಭೀಕರ ದಿನಗಳು ಬರುವ ಮುನ್ನ, ಹಾಸಿಗೆ ಸಿಗುವ ಕಾಲದಲ್ಲಿ ಅವರು ಆಸ್ಪತ್ರೆಯಲ್ಲಿದ್ದರು ಎಂಬುದು ಕೇವಲ ಅದೃಷ್ಟ. ಮೇ ತಿಂಗಳ ಹೊತ್ತಿಗೆ ಕೊಪ್ಪಳದ ಗವಿಮಠವೇ ಕೋವಿಡ್ ರೋಗಿಗಳ ಆರೈಕೆಗೆ ಹಾಸಿಗೆಗಳನ್ನು ಅಣಿಗೊಳಿಸಬೇಕಾದ ಸ್ಥಿತಿ ಬಂದಿತ್ತು.

ಅಜ್ಜಿ ಮೊದಲಿನಂತಾಗಲಿಲ್ಲ. ಮೂಡಣ ಬೆಳಕಿಗೆ ಗುಡಿಯ ಪುಷ್ಕರಿಣಿಯವರೆಗೆ ನಡೆದು ಬರುತ್ತಿದ್ದವರು ಈಗ ಅಂಗಳಕ್ಕೆ ಬಂದರೆ ಹೆಚ್ಚು. ರೋಗ ಯಾರಿಂದ ಬಂತೆಂದು ಅವರು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದುದೇ ಮೊಮ್ಮಗಳಿಗೆ ಭಾರವಾಯಿತು. ತಪ್ಪು ಅವಳದಲ್ಲ, ನಮ್ಮದು ಎಂದು ನಾನು ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ.

ಅಂದು ಮಾಡಬೇಕಾಗಿದ್ದುದು ಬಹಳ ಕಷ್ಟದ್ದೇನಲ್ಲ. ಆ ರಾತ್ರಿಯೇ ಮೇಲ್ವಿಚಾರಕರಿಗೆ ತಿಳಿಸಬೇಕಿತ್ತು. ಅವಳನ್ನು ಅಲ್ಲಿಯೇ ಕಿಟಕಿಯಿರುವ ಕೋಣೆಯೊಂದರಲ್ಲಿ ಪ್ರತ್ಯೇಕವಾಗಿರಿಸಿ ಪರೀಕ್ಷೆ ಮಾಡಿಸಬೇಕಿತ್ತು. ಜೊತೆಗಾರ್ತಿಯರು ವರದಿ ಬರುವವರೆಗೆ ಊರಿಗೆ ಹೋಗದಂತೆ ನೋಡಿಕೊಳ್ಳಬೇಕಿತ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದನ್ನು ತರಿಸಿ, ಅಂಕಿ 94ಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕಿತ್ತು. ನಮ್ಮಲ್ಲೊಬ್ಬರು ಧಾರವಾಡಕ್ಕೆ ಹೋಗಿ, ನಿಲಯದ ಹೊರಗಿನಿಂದಲಾದರೂ ಅವಳಿಗೆ ಮುಖ ತೋರಿಸಿ, ನಾವಿದ್ದೇವೆ ಎನ್ನಬಹುದಿತ್ತು. ಮನೆಗೆ ಕರೆಸಿಕೊಳ್ಳುವುದೇ ಪ್ರೀತಿಯೆಂದು ಬಗೆದಿದ್ದೆವು.

ಹೇಳಿಬಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಅದೇ ಧಾರವಾಡದಲ್ಲಿ ಎಂಟು ತಿಂಗಳ ಬಳಿಕ ನಿದರ್ಶನ ದೊರೆಯಿತು. 2021ರ ನವೆಂಬರ್ 17ರಂದು ಎಸ್.ಡಿ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭವೊಂದು ನಡೆದಿತ್ತು. ಕೆಲವರಲ್ಲಿ ಲಕ್ಷಣ ಕಂಡೊಡನೆ ಪರೀಕ್ಷೆ ನಡೆದು, ನವೆಂಬರ್ 25ರ ಹೊತ್ತಿಗೆ 66 ಮಂದಿಗೆ ಸೋಂಕಿರುವುದು ಗೊತ್ತಾಯಿತು. ವಸತಿನಿಲಯಗಳಿಗೆ ಬೀಗ ಹಾಕಿ, ಸೋಂಕಿತರನ್ನು ಆವರಣದೊಳಗೇ ಇರಿಸಿಕೊಂಡು ಉಳಿದವರನ್ನೆಲ್ಲ ಪರೀಕ್ಷಿಸಿದರು. ಸಂಖ್ಯೆ ಮುನ್ನೂರನ್ನು ದಾಟಿತು. ಪತ್ರಿಕೆಗಳಲ್ಲಿ ಅದು ದೊಡ್ಡ ಗಾಬರಿಯ ಸುದ್ದಿ. ಆದರೆ ಅವರಲ್ಲಿ ಬಹುಪಾಲು ಮಂದಿ ಎರಡೂ ಡೋಸ್ ಲಸಿಕೆ ಪಡೆದವರು. ಕೆಲವರಿಗೆ ಸಣ್ಣ ಲಕ್ಷಣ, ಹಲವರಿಗೆ ಅದೂ ಇಲ್ಲ. ಮುನ್ನೂರು ಮಕ್ಕಳು ಬಾಯಿ ಮುಚ್ಚಿಕೊಂಡು ಮುನ್ನೂರು ಊರುಗಳಿಗೆ ಹೋಗಿದ್ದರೆ ಎಷ್ಟು ಪಡಸಾಲೆಗಳಲ್ಲಿ ಎಷ್ಟು ಅಜ್ಜಿಯರು ಮಲಗುತ್ತಿದ್ದರೋ! ಆ ಸಂಖ್ಯೆಯನ್ನು ಓದಿದಾಗ ಊರವರಿಗೆಲ್ಲ ಭಯವಾಯಿತು. ನನಗೆ ಮಾತ್ರ ನಾಚಿಕೆಯಾಯಿತು.

ಒಂದು ಮಾತು ನೆನಪಾಗುತ್ತದೆ. 1898ರ ಸುಮಾರಿಗೆ ಹುಬ್ಬಳ್ಳಿ, ಧಾರವಾಡ ಕಡೆಗೆ ಪ್ಲೇಗು ಬಂದಾಗ, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಮ್ಮ ಅಜ್ಜಂದಿರ ಕಾಲದವರು ಇದನ್ನು ಕಥೆಯಂತೆ ಹೇಳುತ್ತಿದ್ದರು. ಆ ಕಾಲದಲ್ಲೂ ಸರಕಾರದ ತಪಾಸಣೆಗೆ ಅಂಜಿ ರೋಗಿಗಳನ್ನು ಬಚ್ಚಿಟ್ಟವರಿದ್ದರು. ಆದರೆ 'ನಮ್ಮನಿಯೊಳಗ ಇಲಿ ಬಿತ್ತು' ಎಂದು ನೆರೆಯವರಿಗೆ ಮೊದಲು ಕೂಗಿ ಹೇಳಿದವನನ್ನು ಯಾರೂ ಬೈಯಲಿಲ್ಲವಂತೆ. ಅವನಿಂದಾಗಿಯೇ ಓಣಿ ಉಳಿಯುತ್ತಿತ್ತು.

2021ರ ಜುಲೈ 26ರಂದು ಕಾಲೇಜುಗಳು ಮತ್ತೆ ತೆರೆದಾಗ, ಒಂದು ಡೋಸ್ ಆದರೂ ಲಸಿಕೆ ಪಡೆದವರಿಗೇ ಪ್ರವೇಶವೆಂಬ ನಿಯಮವಾಯಿತು. ಅದು ಎಪ್ಪತ್ತೆರಡು ತಾಸಿನ ಕಾಗದಕ್ಕಿಂತ ಬಹಳ ಮೇಲು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿಯನ್ನು ಕೊನೆಗೊಳಿಸಿತು. ಆದರೆ ವಸತಿನಿಲಯಗಳಲ್ಲಿ ಜ್ವರ ನಿಲ್ಲುವುದಿಲ್ಲ. ಮಳೆಗಾಲ ಬಂತೆಂದರೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಮಕ್ಕಳನ್ನು ಕಳಿಸುವ ಪಾಲಕರು ಶುಲ್ಕ, ಊಟ, ಸ್ನಾನದ ಬಿಸಿನೀರು ಎಲ್ಲವನ್ನೂ ವಿಚಾರಿಸುತ್ತಾರೆ. ಮಗುವಿಗೆ ಜ್ವರ ಬಂದರೆ ಯಾವ ಕೋಣೆಯಲ್ಲಿ ಇರಿಸುತ್ತೀರಿ, ಆ ಕೋಣೆಗೆ ಕಿಟಕಿಯಿದೆಯೇ, ಅಂದಿನ ಪಾಠ ತಪ್ಪಿದರೆ ಹಾಜರಾತಿ ಕಳೆಯುತ್ತೀರಾ ಎಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಕೊನೆಯ ಪ್ರಶ್ನೆ ಸಣ್ಣದಲ್ಲ. ಹಾಜರಾತಿಗೆ ಅಂಜಿ ಜ್ವರ ಮುಚ್ಚಿಟ್ಟು ತರಗತಿಗೆ ಬಂದ ವಿದ್ಯಾರ್ಥಿಗಳನ್ನು ನನ್ನ ಮೂವತ್ತು ವರ್ಷಗಳಲ್ಲಿ ಬಹಳ ಮಂದಿಯನ್ನು ನೋಡಿದ್ದೇನೆ. ಅಂಥವರಿಗೆ 'ಶಹಬ್ಬಾಸ್' ಎಂದದ್ದೂ ಉಂಟು.

ಈ ವರ್ಷ ತಮ್ಮನ ಸರದಿ. ಅವನೂ ವಸತಿನಿಲಯಕ್ಕೆ ಹೊರಟ. ಇಟಗಿಯ ಅದೇ ಪಡಸಾಲೆಯಲ್ಲಿ ಟ್ರಂಕು ತುಂಬುತ್ತಿದ್ದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸಣ್ಣದೊಂದು ವಿಭೂತಿ ಗಟ್ಟಿ. ಅಕ್ಕ ತಾನಾಗಿ ಕೊಂಡು ತಂದ ಉಷ್ಣಮಾಪಕವನ್ನು ಚಟ್ನಿ ಡಬ್ಬಿಗಳ ನಡುವೆ ಇಟ್ಟಳು. ಭಾವನವರು ಮಗನಿಗೆ ಹೇಳುತ್ತಿದ್ದರು: "ಜ್ವರ ಬಂದ್ರ ಮೊದಲ ಅಲ್ಲಿ ಸರ್‌ಗೆ ಹೇಳು. ಆಮ್ಯಾಲ ನನಗ ಫೋನ್ ಮಾಡು. ನಾನ ಬರ್ತೀನಿ." ಅಜ್ಜಿ ಆ ಉಷ್ಣಮಾಪಕವನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಅದನ್ನು ಹೇಗೆ ಓದುವುದೆಂದು ಮೊಮ್ಮಗಳು ಅವರ ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟಳು.